ತೊಟ್ಟಿಲಂಗಡಿಯಿಂದ ಮುನ್ನಂದಾಜು ಸಮಿತಿಗೆ

ಇವರಿಗೆ,
ಮಾನ್ಯ ಅಧ್ಯಕ್ಷರು,
ಸಂತಾನೋತ್ಪತ್ತಿ ಆರೋಗ್ಯ ಸಾಮಗ್ರಿಗಳ ಬೇಡಿಕೆಯನ್ನು ಮುಂಚಿತವಾಗಿ ಅಂದಾಜಿಸುವ ದೇಶದ ಸಾಮರ್ಥ್ಯವನ್ನು ಅಳೆಯುವ ಸಮಿತಿ.

ಮಾನ್ಯರೇ,

ತಮ್ಮ ಸಮಿತಿಯ ಹೆಸರನ್ನು ತಪ್ಪಿಲ್ಲದೆ ಬರೆದು ಮುಗಿಸಿದ್ದಕ್ಕಾಗಿ ನನಗೆ ನಾನೇ, ಅಷ್ಟುದ್ದದ ಹೆಸರನ್ನು ಒಂದೇ ಬಾಗಿಲ ಮೇಲೆ ಹಿಡಿಸಿದ್ದಕ್ಕಾಗಿ ತಮ್ಮ ಫಲಕ ಬರೆದವನಿಗೆ, ಇವೆರಡಕ್ಕೂ ಮಿಗಿಲಾಗಿ ನಮ್ಮ ಬೀದಿಯ ಆರೋಗ್ಯ ಕೇಂದ್ರಕ್ಕೆ ಪೂರ್ಣ ಅಂಕ ಕೊಟ್ಟು ಹೋದದ್ದಕ್ಕಾಗಿ ತಮಗೆ, ಹೃತ್ಪೂರ್ವಕ ವಂದನೆಗಳನ್ನು ಅರ್ಪಿಸುತ್ತೇನೆ. ನಾನು ಆ ಕೇಂದ್ರದ ಎದುರಿನ ತೊಟ್ಟಿಲಂಗಡಿಯವ. ತಪಾಸಣೆ ಮುಗಿದ ಮೇಲೆ ತಾವು ರಸ್ತೆ ದಾಟಿ ನಮ್ಮಲ್ಲಿಗೆ ದಯಮಾಡಿಸಿ, ಕಡೆದ ಕಾಲಿನ ತೊಟ್ಟಿಲೊಂದನ್ನು ಬೆರಳಿನಿಂದ ತೂಗಿ ನೋಡಿ, ಮುಂದಿನ ತಿಂಗಳು ತಮ್ಮ ಮಗಳಿಗೆ ಚೊಚ್ಚಲ ಹೆರಿಗೆಯೆಂದೂ ಅದನ್ನು ಬೇರೆಯವರಿಗೆ ಕೊಡಬಾರದೆಂದೂ ಹೇಳಿ ಹೋದಿರಿ. ಆ ಪರಿಚಯದ ಸಲಿಗೆಯಿಂದ ಈ ಪತ್ರ.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎಂದು ಲೋಕ ಹಾಸ್ಯ ಮಾಡುತ್ತದೆ. ಹಾಗೆ ನಗುವವರು ನನ್ನ ಕಸುಬನ್ನೂ ತಮ್ಮ ಹುದ್ದೆಯನ್ನೂ ಒಟ್ಟಿಗೇ ಗೇಲಿ ಮಾಡಿದಂತೆ ಆಯಿತು, ಏಕೆಂದರೆ ಹುಟ್ಟದ ಕೂಸಿನ ಲೆಕ್ಕದ ಮೇಲೆಯೇ ಇಬ್ಬರ ಮನೆಯಲ್ಲೂ ಒಲೆ ಉರಿಯುವುದು. ಬೀದಿ ಬದಿಯಲ್ಲಿ ಕೂತು ಮುರಿದ ಕುರ್ಚಿಗಳಿಗೆ ಕಾಲು ಕೂಡಿಸುತ್ತಿದ್ದ ನಾನು ಇಂದು ಎರಡು ಬಾಗಿಲಿನ ಅಂಗಡಿ, ಹಿಂದೆ ಕಾರ್ಖಾನೆ, ಪಾಲಿಶ್ ಕೆಲಸಕ್ಕೆ ಸ್ವಂತ ಭಾವಮೈದುನ, ಇಷ್ಟು ಮಾಡಿಕೊಂಡಿದ್ದೇನೆ. ಇದರಲ್ಲಿ ಅರ್ಧ ನನ್ನ ಬೆವರು. ಉಳಿದರ್ಧ ತಮ್ಮ ಇಲಾಖೆಯ ಅಂದಾಜು. ಕೇಂದ್ರದಲ್ಲಿ ಗರ್ಭನಿರೋಧಕಗಳ ಕಪಾಟು ಖಾಲಿಯಾದ ವರ್ಷಗಳಲ್ಲೆಲ್ಲ, ಒಂದು ಒಂಬತ್ತು ತಿಂಗಳು ತಡವಾಗಿಯಾದರೂ, ನನ್ನ ಅಂಗಡಿಯೂ ಖಾಲಿಯಾಗಿದೆ. ಉಂಡ ಮನೆಯ ಜಂತೆ ಎಣಿಸುವ ಜಾತಿಯವ ನಾನಲ್ಲವಾದ್ದರಿಂದ ಈ ಉಪಕಾರವನ್ನು ಮೊದಲೇ ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇನೆ.

ಆದರೆ ಈ ಸಲ ತಮ್ಮ ಉಪಕಾರ ನನ್ನ ಮನೆಯ ಹೊಸ್ತಿಲನ್ನೇ ದಾಟಿಬಿಟ್ಟಿದೆ.

ನನ್ನ ಮಗಳಿಗೆ ಮೂವರು ಮಕ್ಕಳು. ಮೂರನೆಯ ಹೆರಿಗೆಯಲ್ಲಿ ಮಗು ಸುಸೂತ್ರವಾಗಿ ಬಂತು, ರಕ್ತ ಮಾತ್ರ ನಿಲ್ಲಲಿಲ್ಲ. ಮೈತುಂಬ ಮರದ ಪುಡಿಯೊಡನೆ ಓಡಿಹೋಗಿ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ, ಪಕ್ಕದಲ್ಲಿ ಅಳಿಯ ಕೂಸನ್ನು ಹಿಡಿದುಕೊಳ್ಳಲು ಬಾರದೆ ಹಿಡಿದುಕೊಂಡಿದ್ದ. ಕೊನೆಗೆ ಹೊರಗೆ ಬಂದ ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತಾ ನಮ್ಮಿಬ್ಬರನ್ನೂ ಸೇರಿಸಿ ಗದರಿದರು: “ಉಳಿದಿದ್ದಾಳೆ, ಹೋಗಿ ನೋಡಿ. ಆದ್ರೆ ಕೇಳ್ಕೊಳ್ಳಿ, ಸದ್ಯಕ್ಕೆ ಇನ್ನೊಂದು ಬಸುರು ನಿಂತ್ರೆ ಅವಳು ಉಳಿಯಲ್ಲ, ನಾನು ನಿಮ್ಮ ಕಡೆಯವರ ಮುಖ ನೋಡೋ ಹಾಗಿರಲ್ಲ.” ಆಪರೇಷನ್‌ಗೆ ಅವಳ ಮೈಯಲ್ಲಿ ಇನ್ನೂ ರಕ್ತ ಸಾಲದು, ಮಾತ್ರೆ ಅವಳಿಗೆ ಒಗ್ಗದು, ಗಂಡಸರ ಜಾಗರೂಕತೆಯೊಂದನ್ನೇ ನಂಬಿ ಕೂರುವಂತಿಲ್ಲ. ಹಾಗಾಗಿ ಬಸುರು ನಿಲ್ಲದಂತೆ ಮೂರು ತಿಂಗಳಿಗೊಮ್ಮೆ ಚುಚ್ಚುಮದ್ದು ಎಂದು ಗೊತ್ತುಮಾಡಿದರು. ಅದು ಎದುರಿನ ಕೇಂದ್ರದಲ್ಲೇ ಸಿಗುತ್ತಿತ್ತು. ಮಗಳು ರಸ್ತೆ ದಾಟಿ ಹೋಗಿ, ತೋಳು ಉಜ್ಜಿಕೊಳ್ಳುತ್ತಾ ಬಂದು, ಅಂಗಡಿಯಲ್ಲಿ ಒಂದು ಲೋಟ ಚಹಾ ಕುಡಿದು ಮನೆಗೆ ಹೋಗುತ್ತಿದ್ದಳು. ಆ ಚಹಾದಷ್ಟು ನೆಮ್ಮದಿಯ ಚಹಾವನ್ನು ನಾನು ಜೀವಮಾನದಲ್ಲಿ ಬೇರೆ ಯಾರಿಗೂ ತರಿಸಿಲ್ಲ.

ಈ ಸಲ ಅವಳು ತೋಳು ಉಜ್ಜಿಕೊಳ್ಳದೆ ಬಂದಳು. ನಾನೇ ಹೋಗಿ ವಿಚಾರಿಸಿದೆ. ನಮ್ಮ ನರ್ಸಮ್ಮ ಬಲು ಸಭ್ಯೆ, ಖಾಲಿ ಕಪಾಟನ್ನೂ ಬೀಗ ತೆಗೆದೇ ತೋರಿಸುವವರು. “ಒಂದೆರಡು ವಾರ ಆಚೀಚೆ ಆದ್ರೂ ತಡೆಯುತ್ತೆ ಅಣ್ಣ, ಅದರಾಚೆಗೆ ನಾನು ಮಾತು ಕೊಡಲ್ಲ,” ಎಂದರು. ಔಷಧಿ ಅಂಗಡಿಯವನನ್ನು ಕೇಳಿದರೆ, ಎದುರಿಗೆ ಪುಕ್ಕಟೆ ಸಿಗುವಾಗ ತನ್ನಲ್ಲಿ ಯಾರು ಕೊಳ್ಳುತ್ತಾರೆಂದು ತಾನು ತರಿಸುವುದನ್ನೇ ಬಿಟ್ಟಿದ್ದಾಗಿಯೂ, ಈಗ ಬರೆದು ಹಾಕಿದ್ದು ಬಂದಾಗ ಬರುತ್ತದೆಂದೂ ಹೇಳಿದ. ನರ್ಸಮ್ಮ ಕೊಟ್ಟ ಆ ಒಂದೆರಡು ವಾರವೂ ಈಗ ಮುಗಿದಿದೆ.

ಚುಚ್ಚುಮದ್ದು ಏಕೆ ಬರಲಿಲ್ಲ ಎಂದು ತಮ್ಮ ಕಚೇರಿಗೆ ಹೋಗಿ ಕೇಳಿದಾಗ ಅಲ್ಲಿಯ ಗುಮಾಸ್ತರು ನನಗೆ ನಮ್ಮ ಬೀದಿಯ ಬಗ್ಗೆ ಹೆಮ್ಮೆಪಡುವಂಥ ಸಂಗತಿಯೊಂದನ್ನು ತಿಳಿಸಿದರು. ಇಡೀ ಜಿಲ್ಲೆಯಲ್ಲಿ ಕಾಂಡೋಮ್ ಬಳಕೆಯಲ್ಲಿ ನಮ್ಮ ಬೀದಿಗೇ ಮೊದಲ ಸ್ಥಾನವಂತೆ. ಗಂಡಸರೇ ಇಷ್ಟು ಜವಾಬ್ದಾರಿ ಹೊತ್ತ ಮೇಲೆ ಹೆಂಗಸರಿಗೆ ಸೂಜಿ ಏಕೆ ಎಂದು ಅಂದಾಜು ಮಾಡುವವರು ಯೋಚಿಸಿ, ಕಾಂಡೋಮ್ ಪೆಟ್ಟಿಗೆಗಳನ್ನು ದುಪ್ಪಟ್ಟು ಮಾಡಿ, ಚುಚ್ಚುಮದ್ದನ್ನು ಬೇರೆ ಕಡೆಗೆ ತಿರುಗಿಸಿದರಂತೆ. “ನಿಮ್ಮ ಬೀದಿ ಗಂಡಸ್ರನ್ನ ನೋಡಿ ಬೇರೆಯವ್ರು ಕಲೀಬೇಕು ಯಜಮಾನ್ರೆ,” ಎಂದು ಅವರು ನನ್ನ ಕೈ ಕುಲುಕಿದಾಗ, ಸತ್ಯವಾಗಿ ಹೇಳುತ್ತೇನೆ, ಒಂದು ಗಳಿಗೆ ನಾನೂ ಎದೆ ಉಬ್ಬಿಸಿದೆ.

ಅಂಗಡಿಗೆ ಬಂದು ಕಾರ್ಖಾನೆಯ ಕಡೆ ನೋಡಿದಾಗ ಎದೆ ಇಳಿಯಿತು.

ಮಾನ್ಯರೇ, ಸ್ಪಿರಿಟ್ ಪಾಲಿಶಿನ ಬ್ರಷ್ಷಿಗೆ ಒಂದು ದುರ್ಗುಣವಿದೆ. ಊಟಕ್ಕೆ ಎದ್ದು ಬರುವಷ್ಟರಲ್ಲಿ ಅದು ಒಣಗಿ ಕೋಲಾಗಿರುತ್ತದೆ. ಇದಕ್ಕೆ ನನ್ನ ಭಾವಮೈದುನ, ಅಂದರೆ ನನ್ನ ಹೆಂಡತಿಯ ತಮ್ಮ, ಇನ್ನೂ ಮದುವೆಯಾಗದ, ಮದುವೆಯ ಮಾತೆತ್ತಿದರೆ ಕಿವಿ ಕೆಂಪಗಾಗುವ ಹುಡುಗ, ಒಂದು ಉಪಾಯ ಕಂಡುಹಿಡಿದಿದ್ದಾನೆ. ಬ್ರಷ್ಷಿನ ಮೂತಿಗೆ ಕಾಂಡೋಮ್ ಎಳೆದು ಇಡುತ್ತಾನೆ. “ಚೀಲ ಸುತ್ತಿದ್ರೆ ಬಿಚ್ಕೊಳ್ಳುತ್ತೆ ಭಾವ. ಇದು ನೋಡಿ, ಅಳತೆ ಕೊಟ್ಟು ಹೊಲಿಸಿದ ಹಾಗಿದೆ, ಬೆಳಿಗ್ಗೆ ತೆಗೆದ್ರೆ ಬ್ರಷ್ಷು ಬೆಣ್ಣೆ!” ಎಂದು ಅವನು ನನಗೆ ಪ್ರಾತ್ಯಕ್ಷಿಕೆಯನ್ನೇ ಕೊಟ್ಟ. ಒಳ್ಳೆಯ ವಿದ್ಯೆ ಬೀದಿಯಲ್ಲಿ ಎಷ್ಟು ಹೊತ್ತು ಗುಟ್ಟಾಗಿರುತ್ತದೆ? ಕುರ್ಚಿಯವರು, ಮಂಚದವರು, ಬಾಗಿಲಿನವರು, ಎಲ್ಲರ ಪಾಲಿಶ್ ಆಳುಗಳೂ ಕೇಂದ್ರದ ಮುಂದೆ ಸಾಲುಗಟ್ಟಿದರು. ನರ್ಸಮ್ಮ ಒಮ್ಮೆ ತಡೆಯಲಾರದೆ, “ಮದ್ವೆನೂ ಆಗಿಲ್ಲ, ಇಷ್ಟೊಂದು ಯಾತಕ್ಕೋ ನಿಂಗೆ?” ಎಂದು ಕೇಳಿದ್ದಕ್ಕೆ ಇವನು ತಲೆ ತಗ್ಗಿಸಿ, “ಕೆಲಸ ಜಾಸ್ತಿ ಇದೆ ಸಿಸ್ಟರ್,” ಎಂದನಂತೆ. ಅವರು ಕೊಟ್ಟದ್ದನ್ನು ಕೊಟ್ಟೆ ಎಂದು ಬರೆದರು. ಅದು ತಮ್ಮ ಕಚೇರಿಗೆ ಹೋಗಿ, ಅಲ್ಲಿ ಕೂಡಿ, ಗುಣಿಸಿ, ನಮ್ಮ ಬೀದಿಯ ಸಂಸಾರಗಳ ಸಂಯಮವಾಗಿ ಹೊರಬಂತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ.

ತಮ್ಮ ವಿಧಾನ ಫಲಿಸಿಲ್ಲ ಎಂದು ನಾನು ಹೇಳುತ್ತಿಲ್ಲ. ನಮ್ಮ ಕಾರ್ಖಾನೆಯ ಒಂದು ಬ್ರಷ್ಷೂ ಈವರೆಗೆ ಬಸುರಾಗಿಲ್ಲ ಎಂದು ಬೇಕಾದರೆ ಪ್ರಮಾಣಪತ್ರ ಬರೆದುಕೊಡುತ್ತೇನೆ.

ಹೀಗಿರುವಾಗ ತಾವು ಮೌಲ್ಯಮಾಪನಕ್ಕೆ ಬಂದಿರಿ. ನಾನು ಅಂಗಡಿಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದೆ. ಮುನ್ನಂದಾಜು ಇದೆಯೇ ಎಂದು ಕೇಳಿದಿರಿ, ಇತ್ತು. ಸಕಾಲಕ್ಕೆ ಸಲ್ಲಿಸಲಾಗಿದೆಯೇ, ಸಲ್ಲಿಸಲಾಗಿತ್ತು. ಅಂದಾಜಿಗೂ ಬಳಕೆಗೂ ವ್ಯತ್ಯಾಸವಿದೆಯೇ, ಎಲ್ಲಿಯ ವ್ಯತ್ಯಾಸ? ಚುಚ್ಚುಮದ್ದು ಬೇಕಾಗುವುದಿಲ್ಲ ಎಂದು ಅಂದಾಜಿಸಲಾಗಿತ್ತು, ಕಳಿಸಲಿಲ್ಲ. ಕಳಿಸಲಿಲ್ಲವಾದ್ದರಿಂದ ಯಾರೂ ಬಳಸಲಿಲ್ಲ. ಭವಿಷ್ಯ ಹೇಳುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ, ಆದರೆ ಹೇಳಿದ ಭವಿಷ್ಯವನ್ನು ತಾವೇ ಮುಂದೆ ನಿಂತು ನಿಜ ಮಾಡಿಸುವ ಸಾಮರ್ಥ್ಯ ತಮ್ಮೊಬ್ಬರದೇ. ಅವಧಿ ಮೀರಿದ ಔಷಧಿ ಕಪಾಟಿನಲ್ಲಿ ಒಂದೂ ಇಲ್ಲವೆಂದು ತಾವು ಮೆಚ್ಚಿದಿರಿ. ಅವಧಿ ಮೀರದ್ದೂ ಇರಲಿಲ್ಲ, ಆದರೆ ಅದು ತಮ್ಮ ಪ್ರಶ್ನೆಯಾಗಿರಲಿಲ್ಲ. ಆ ಕಪಾಟಿನ ಪಕ್ಕದಲ್ಲಿ ತಾವು ನಿಂತು ತೆಗೆಸಿಕೊಂಡ ಫೋಟೋ ಬಲು ಚೆನ್ನಾಗಿ ಬಂದಿದೆಯಂತೆ.

ಚುಚ್ಚುಮದ್ದು ಕೇಳಿ ಬರಿಗೈಲಿ ಹಿಂದಿರುಗಿದವರನ್ನು ಎಲ್ಲಿ ಬರೆಯಬೇಕೆಂದು ನರ್ಸಮ್ಮ ತಮ್ಮನ್ನು ಕೇಳಿದ್ದು ರಸ್ತೆಯ ಈಚೆಗೂ ಕೇಳಿಸಿತು. ಅದಕ್ಕೆ ಕಾಲಂ ಇಲ್ಲ, ಇಲ್ಲದ ಕಾಲಮಿಗೆ ಹೊಸ ಗೆರೆ ಎಳೆದರೆ ನಮೂನೆ ಕೆಡುತ್ತದೆ ಎಂದು ತಾವು ತಾಳ್ಮೆಯಿಂದ ವಿವರಿಸಿದಿರಿ. ಒಪ್ಪತಕ್ಕ ಮಾತು. ಆದರೆ ಆ ಹೆಂಗಸರು ಆವಿಯಾಗಿ ಹೋಗುವುದಿಲ್ಲ. ದೂರದಿಂದ ನಡೆದು ಬಂದವರು ಹಿಂದಿರುಗುವ ಮುನ್ನ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಒಂದಿಷ್ಟು ಕೂತು ಹೋಗುತ್ತಾರೆ. ಕೂತಾಗ ನನ್ನ ತೊಟ್ಟಿಲುಗಳ ಕಡೆ, ಪೊಲೀಸ್ ಠಾಣೆಯನ್ನು ನೋಡುವ ಹಾಗೆ ನೋಡುತ್ತಾರೆ. ನೀರು ಕೊಟ್ಟರೆ ಕುಡಿಯುತ್ತಾರೆ. ಒಬ್ಬ ಹೆಂಗಸು ಲೋಟ ಹಿಂದಿರುಗಿಸುತ್ತಾ, “ನೀನೇ ತಡೀತಿದೀಯೇನೋ ಅಪ್ಪಾ, ವ್ಯಾಪಾರ ಆಗ್ಲಿ ಅಂತ?” ಎಂದು ಕೇಳಿಯೇಬಿಟ್ಟಳು. ಇಲಾಖೆಯ ಸಾಮರ್ಥ್ಯದ ಕೀರ್ತಿ ನನಗೆ ಸಲ್ಲುವುದು ನ್ಯಾಯವಲ್ಲವೆಂದು ಅವಳಿಗೆ ಹೇಳಿದೆ.

ಇನ್ನು ನನ್ನ ಕೋರಿಕೆಗಳು. ತಮ್ಮ ನಮೂನೆಯಲ್ಲಿ ವಿವಾಹಿತರು, ಅವಿವಾಹಿತರು ಎಂಬ ಕಾಲಮುಗಳ ಪಕ್ಕದಲ್ಲಿ ಬ್ರಷ್ಷುಗಳು ಎಂಬ ಒಂದು ಕಾಲಮನ್ನು, ನಮೂನೆ ಕೆಡದಂತೆ, ಸೇರಿಸಬೇಕು. ಅಂದಾಜನ್ನು ವರ್ಷಾಂತ್ಯದವರೆಗೆ ತಿದ್ದಲಾಗದೆಂದು ಗುಮಾಸ್ತರು ಹೇಳಿರುವುದರಿಂದ, ಅಲ್ಲಿಯವರೆಗೆ ಯಾವ ಹೊಸ ಕಾರ್ಯವನ್ನೂ ಕೈಗೊಳ್ಳತಕ್ಕದ್ದಲ್ಲ ಎಂದು ನನ್ನ ಮಗಳ ಗರ್ಭಕೋಶಕ್ಕೆ ತಮ್ಮ ಸಹಿಯುಳ್ಳ ಸುತ್ತೋಲೆಯೊಂದನ್ನು ಹೊರಡಿಸಬೇಕು. ಸುತ್ತೋಲೆಗೆ ಅದು ಮಣಿಯದಿದ್ದರೆ ವಿವರಣೆ ಕೇಳಿ ನೋಟಿಸು ಕೊಡಬೇಕು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಹಳೆಯ ಪದ್ಧತಿ. ಮೌಲ್ಯಮಾಪನದಲ್ಲಿ ಅದಕ್ಕೂ ಎಷ್ಟು ಅಂಕವಿದೆ ಎಂದು ದಯವಿಟ್ಟು ತಿಳಿಸಬೇಕು.

ಅಳಿಯ ಲಾರಿ ಓಡಿಸುವವನು, ತಿಂಗಳುಗಟ್ಟಲೆ ಊರಿಗೆ ದೂರ. ಮೊನ್ನೆ ಬಂದ. ಮಕ್ಕಳನ್ನು ಎತ್ತಿ ಆಡಿಸಿದ, ಹೆಂಡತಿಯ ಬಾಯಿಂದ ಎಲ್ಲ ಕೇಳಿದ. ಊಟವಾದ ಮೇಲೆ ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ನನ್ನ ಮುಂದೆ ನಿಂತು, “ಮಾವ, ಅಂಗಡಿ ಬೀಗದ ಕೈ ಕೊಡಿ. ಅದು ಬರೋತನಕ ನಾನು ಅಲ್ಲೇ ಮಲಗ್ತೀನಿ,” ಎಂದ. ಬೆಂಚಿನ ಮೇಲೆ ಕೂತು ಡಾಕ್ಟರಮ್ಮನ ಮಾತು ಕೇಳಿದವನು ಅವನು, ಬೇರೆ ವಿವರಣೆ ಬೇಕಿರಲಿಲ್ಲ. ಈಗ ದಿನಾ ಮಾರಾಟಕ್ಕಿಟ್ಟ ತೊಟ್ಟಿಲುಗಳ ನಡುವೆ, ಟೋಪಿ ಹಾಕಿಕೊಂಡ ಬ್ರಷ್ಷುಗಳ ಕೆಳಗೆ, ಆ ಗಂಡಸು ಕಾಲು ಮಡಿಸಿಕೊಂಡು ಮಲಗುತ್ತಾನೆ. ಇಡೀ ದೇಶದಲ್ಲಿ ನಂಬಿಕೆಗೆ ಅರ್ಹವಾದ ಮುನ್ನಂದಾಜು ಸದ್ಯಕ್ಕೆ ಆ ಚಾಪೆಯೊಂದೇ. ಅದಕ್ಕೂ ಅಂಕ ಕೊಡಲು ತಮ್ಮ ಸಮಿತಿ ಇನ್ನೊಮ್ಮೆ ಬರಬಹುದು. ಬೆಳಿಗ್ಗೆ ಬೇಗ ಬರಬೇಕು, ಅಂಗಡಿ ತೆರೆಯುವ ಮುನ್ನ ಅವನು ಚಾಪೆ ಎತ್ತಿಬಿಡುತ್ತಾನೆ.

ತಮ್ಮ ಸಾಮರ್ಥ್ಯದ ಎದುರಿನಲ್ಲೇ, ರಸ್ತೆಯೊಂದರ ಅಂತರದಲ್ಲಿ ಬದುಕುತ್ತಿರುವ,
ತಮ್ಮ ವಿಶ್ವಾಸಿ,
ತೊಟ್ಟಿಲಂಗಡಿಯವ

ತಾ.ಕ.: ತಾವು ಕಾದಿರಿಸಿದ ಕಡೆದ ಕಾಲಿನ ತೊಟ್ಟಿಲು ಪಾಲಿಶ್ ಮುಗಿದು ಸಿದ್ಧವಾಗಿದೆ. ಕಳಿಸುವ ಮುನ್ನ, ತಮ್ಮಿಂದಲೇ ಕಲಿತ ವಿಧಾನದಲ್ಲಿ ತಮ್ಮ ಮನೆಯ ಬೇಡಿಕೆಯನ್ನು ಅಂದಾಜಿಸಿ ನೋಡಿದೆ. ಕಳೆದ ವರ್ಷ ತಮ್ಮ ಮನೆಯಲ್ಲಿ ತೊಟ್ಟಿಲಿನ ಬಳಕೆ ಸೊನ್ನೆ, ಅದರ ಹಿಂದಿನ ವರ್ಷವೂ ಸೊನ್ನೆ. ಆದ್ದರಿಂದ ಈ ವರ್ಷ ತಮಗೆ ತೊಟ್ಟಿಲು ಬೇಕಾಗುವುದಿಲ್ಲ ಎಂದು ತೀರ್ಮಾನಿಸಿ ಅದನ್ನು ಇಲ್ಲೇ ಇರಿಸಿಕೊಂಡಿದ್ದೇನೆ, ಅಳಿಯ ತನ್ನ ಅಂಗಿಯನ್ನು ಅದರ ಮೇಲೆ ನೇತುಹಾಕುತ್ತಾನೆ. ತಮ್ಮ ಮಗಳಿಗೆ ದಿನ ತುಂಬಿದೆ, ಕೂಸು ವರ್ಷಾಂತ್ಯದವರೆಗೆ ಕಾಯುವುದಿಲ್ಲ ಎಂದು ತಾವು ಹೇಳಬಹುದು. ನಾನೂ ಒಬ್ಬ ಮಗಳ ಅಪ್ಪನೇ, ಆ ಮಾತು ನನಗೆ ಅರ್ಥವಾಗುತ್ತದೆ. ಎದುರಿನ ಕೇಂದ್ರಕ್ಕೆ ಚುಚ್ಚುಮದ್ದು ಬಂದ ದಿನ ಅಳಿಯನೇ ತನ್ನ ಲಾರಿಯಲ್ಲಿ ತೊಟ್ಟಿಲನ್ನು ತಮ್ಮ ಮನೆಗೆ ತಲುಪಿಸುತ್ತಾನೆ.