ದೊಡ್ಡಮ್ಮ ನೋಡಿದ ಬೆನ್ನುಗಳು

ನಮ್ಮ ದೊಡ್ಡಮ್ಮನಿಗೆ ಜನರ ಮುಖ ನೆನಪಿರುವುದಿಲ್ಲ, ಬೆನ್ನು ನೆನಪಿರುತ್ತದೆ. ನಂಬುವುದಿಲ್ಲವೇ? ಒಮ್ಮೆ ಸಂಜಯನಗರದ ತರಕಾರಿ ಅಂಗಡಿಯಲ್ಲಿ ಎದುರಿಗೇ ನಿಂತು ನಕ್ಕ ಹಳೆಯ ಶಿಷ್ಯೆಯನ್ನು "ಯಾರಮ್ಮ ನೀನು?" ಎಂದು ಕೇಳಿಬಿಟ್ಟರು. ಆಕೆ ಪಾಪ, ಪೆಚ್ಚಾಗಿ ತಿರುಗಿ ನಾಲ್ಕು ಹೆಜ್ಜೆ ಹೋಗಿದ್ದಳೋ ಇಲ್ಲವೋ, ಹಿಂದಿನಿಂದ ಹೆಸರು ಹಿಡಿದು ಕೂಗಿದರು. ಅವಳ ಬಲಭುಜ ಎಡಭುಜಕ್ಕಿಂತ ಮೇಲಿತ್ತಂತೆ. ಹೈಸ್ಕೂಲಿನಲ್ಲೂ ಹಾಗೇ ಇತ್ತಂತೆ! ಇನ್ನೂ ಚೀಲವನ್ನು ಒಂದೇ ಕಡೆ ನೇತುಹಾಕಿಕೊಳ್ಳುತ್ತೀಯಲ್ಲ ಎಂದು ಅಲ್ಲೇ ಬೈಸಿಕೊಂಡ ಆಕೆ, ಈಗ ಯಾವುದೋ ಬ್ಯಾಂಕಿನಲ್ಲಿ ದೊಡ್ಡ ಅಧಿಕಾರಿ, ಮರುಮಾತಿಲ್ಲದೆ ಚೀಲವನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿಕೊಂಡಳು.

ದೊಡ್ಡಮ್ಮ ಯಶವಂತಪುರದ ಕಡೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದವರು. ನಿವೃತ್ತಿ ಕೆಲಸಕ್ಕೆ ಮಾತ್ರ ಬಂತು, ಅವರ ಕಣ್ಣಿಗೆ ಬರಲಿಲ್ಲ. ಮನೆಗೆ ಯಾರೇ ಬರಲಿ, ಕಾಫಿಗೆ ಮೊದಲು ಗೋಡೆಗೆ ಒರಗಿ ನಿಲ್ಲಬೇಕು. ಹಿಮ್ಮಡಿ, ಬೆನ್ನು, ತಲೆ ಮೂರೂ ಗೋಡೆಗೆ ತಾಗಬೇಕು. ತಲೆ ತಾಗದವರಿಗೆ ಕಾಫಿಯ ಜೊತೆ ಶಾಮಿಯಾನದ ಪಾಠ. ಕಂಬ ನೆಟ್ಟಗೆ ನಿಲ್ಲುವುದು ಅದರ ಸ್ವಂತ ಬಲದಿಂದಲ್ಲ, ನಾಲ್ಕೂ ಕಡೆಯ ಹಗ್ಗ ಸಮವಾಗಿ ಎಳೆಯುವುದರಿಂದ. ಒಂದು ಕಡೆ ಬಿಗಿಯಾಗಿ ಇನ್ನೊಂದು ಕಡೆ ಸಡಿಲವಾದರೆ ಕಂಬ ವಾಲುತ್ತದೆ. ಆಗ ಕಂಬವನ್ನು ಬೈದು ಏನು ಪ್ರಯೋಜನ? ನಮ್ಮ ಮೈಯಲ್ಲಿ ಮೂಳೆ ಕಂಬ, ಸ್ನಾಯು ಹಗ್ಗ. ದಿನವಿಡೀ ಮೊಬೈಲಿಗೆ ತಲೆ ಬಗ್ಗಿಸಿದರೆ ಎದೆಯ ಸ್ನಾಯು ಬಿಗಿದುಕೊಳ್ಳುತ್ತದೆ, ಬೆನ್ನಿನದು ಸೋತುಹೋಗುತ್ತದೆ. ಈ ಪಾಠ ಮುಗಿಯುವಷ್ಟರಲ್ಲಿ ಕಾಫಿ ಆರಿರುತ್ತಿತ್ತು.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನವೂ ಇವರು ಬಿಡಲಿಲ್ಲ. ಉಪ್ಪಿಟ್ಟು ಮುಗಿಯಿತು, ಜಾತಕದ ಮಾತು ಬಂತು. ದೊಡ್ಡಮ್ಮ ಹುಡುಗನನ್ನು ಎದ್ದು ನಿಲ್ಲಲು ಹೇಳಿದರು. ಆಶೀರ್ವಾದ ಮಾಡುತ್ತಾರೇನೋ ಎಂದು ಅವನು ಬಗ್ಗಿ ಕಾಲು ಮುಟ್ಟಲು ಹೋದರೆ, ಇವರು ಅವನ ಹೆಗಲು ಹಿಡಿದು ಹಿಂದಕ್ಕೆ ತಿರುಗಿಸಿದರು.

"ಪರ್ಸು ಹಿಂದಿನ ಜೇಬಲ್ಲಿ ಇಟ್ಕೊಂಡೇ ಕೂತ್ಕೋತೀಯೇನಪ್ಪಾ? ಸೊಂಟ ಒಂದು ಕಡೆ ಎದ್ದಿದೆ."

ನಮ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಈ ಸಂಬಂಧ ಹೋಯಿತು ಎಂದು ನಾನೂ ಅಂದುಕೊಂಡೆ. ಹುಡುಗ ಮಾತ್ರ ಗಂಭೀರವಾಗಿ ಪರ್ಸು ಹೊರತೆಗೆದು ಟೀಪಾಯಿಯ ಮೇಲಿಟ್ಟ. ಇಟ್ಟಿಗೆಯಷ್ಟು ದಪ್ಪ! ಒಳಗೆ ಇದ್ದದ್ದೆಲ್ಲ ಹಳೇ ಬಿಲ್ಲುಗಳು. ತನಗೆ ವರ್ಷದಿಂದ ಸೊಂಟನೋವಿದೆ, ಯಾವ ಡಾಕ್ಟರೂ ಇದನ್ನು ಕೇಳಿರಲಿಲ್ಲ ಎಂದ. ಅವನೇ ಈಗ ನನ್ನ ಗಂಡ. ಆ ಪರ್ಸು ಇವತ್ತಿಗೂ ನನ್ನ ಬ್ಯಾಗಿನಲ್ಲೇ ಇರುತ್ತದೆ. ಹಾಗಾಗಿ ಈಗ ಭುಜ ವಾಲುತ್ತಿರುವುದು ನನ್ನದು.

ಇನ್ನೊಮ್ಮೆ ಗೊರಗುಂಟೆಪಾಳ್ಯದಿಂದ ಆಟೋದಲ್ಲಿ ಬರುತ್ತಿದ್ದೆವು. ಡ್ರೈವರ್ ಸೀಟಿನ ಒಂದು ಅಂಚಿಗೆ ಒರಗಿ, ಒಂದು ಕಾಲು ಮಡಚಿ ಕುಳಿತಿದ್ದ. ದೊಡ್ಡಮ್ಮ ಸುಮ್ಮನಿದ್ದಾರೆಯೇ? ಅವನ ಬೆನ್ನಿನ ಭವಿಷ್ಯವನ್ನು ದಾರಿಯುದ್ದಕ್ಕೂ ಹೇಳಿದರು. ಸಿಗ್ನಲ್ ಬಂದಾಗ ಅವನು ಸೋತು ನೆಟ್ಟಗೆ ಕುಳಿತ. ಕುಳಿತವನು ಗಾಬರಿಯಾಗಿ ಹೇಳಿದ:

"ಅಮ್ಮಾ, ಈಗ ಮಿರರ್‌ನಲ್ಲಿ ರೋಡೇ ಕಾಣ್ತಿಲ್ಲ."

ಕನ್ನಡಿಯೂ ಅವನ ಓರೆಗೇ ಹೊಂದಿಕೊಂಡಿತ್ತು! ದೊಡ್ಡಮ್ಮ ಮುಂದಕ್ಕೆ ಬಾಗಿ ಕನ್ನಡಿಯನ್ನು ಸರಿಮಾಡಿಸಿ, ಆಮೇಲೆ ಆಟೋ ಹೊರಡಲು ಅಪ್ಪಣೆ ಕೊಟ್ಟರು.

ಇಂಥ ದೊಡ್ಡಮ್ಮನ ಕತ್ತೇ ವಾಲಿದೆ ಎಂದು ನಮಗೆ ಗೊತ್ತಾದದ್ದು ನನ್ನ ತಮ್ಮನ ಗೃಹಪ್ರವೇಶದ ಫೋಟೋದಲ್ಲಿ. ಅವರದೇ ಆಜ್ಞೆಯಂತೆ ಇಡೀ ಸಂಸಾರ ಎದೆ ಸೆಟೆಸಿ ನಿಂತಿದೆ, ಅವರ ತಲೆ ಮಾತ್ರ ಬಲಕ್ಕೆ ಬಾಗಿದೆ. ಫೋಟೋದವನು ಕ್ಯಾಮೆರಾ ಓರೆ ಹಿಡಿದಿದ್ದಾನೆ ಎಂದು ವಾದಿಸಿದರು. ಆದರೆ ಕೆಲವೇ ತಿಂಗಳಲ್ಲಿ ಕತ್ತಿನ ನೋವು ಕೈಗಿಳಿಯಿತು. ಜಡೆ ಹೆಣೆದುಕೊಳ್ಳಲು ಕೈ ಎತ್ತಲಾಗದೆ ಒಂದು ಬೆಳಿಗ್ಗೆ ನನಗೆ ಫೋನ್ ಮಾಡಿದರು. ಯಾರ ಸಹಾಯವನ್ನೂ ಕೇಳದವರು ಅವರು. ನಾನು ಯಲಹಂಕದಿಂದ ತಕ್ಷಣ ಹೊರಟೆ.

ಆರ್.ಟಿ. ನಗರದ ಫಿಸಿಯೋಥೆರಪಿಸ್ಟ್ ನನಗಿಂತ ಚಿಕ್ಕ ಹುಡುಗಿ. ದೊಡ್ಡಮ್ಮನನ್ನು ಗೋಡೆಗೆ ಒರಗಿಸಿ ನಿಲ್ಲಿಸಿದಳು. ಎಂದೂ ಇಲ್ಲದ ವಿಧೇಯತೆಯಿಂದ ಅವರು ನಿಂತರು. ಕತ್ತಿನ ಬಲಗಡೆಯ ಸ್ನಾಯು ಗಿಡ್ಡವಾಗಿ ಬಿಗಿದಿದೆ, ಎಡಗಡೆಯದು ಎಳೆದೂ ಎಳೆದೂ ಸೋತಿದೆ, ಇದು ಬಹಳ ವರ್ಷದ ಅಭ್ಯಾಸ ಎಂದಳು. ಯಾವ ಮಗ್ಗುಲಲ್ಲಿ ಮಲಗುತ್ತೀರಿ, ಫೋನನ್ನು ಹೆಗಲಲ್ಲಿ ಒತ್ತಿ ಹಿಡಿಯುತ್ತೀರಾ, ಚೀಲ ಯಾವ ಕಡೆ, ಎಲ್ಲ ಕೇಳಿದಳು. ದೊಡ್ಡಮ್ಮನಲ್ಲಿ ಅಂಥ ತಪ್ಪು ಸಿಗುತ್ತದೆಯೇ? ಕೊನೆಗೆ ಆಕೆ ಕೇಳಿದಳು:

"ಮನೇಲಿ ಯಾರ ಹತ್ರ ಜಾಸ್ತಿ ಮಾತಾಡ್ತೀರಾ ಆಂಟಿ? ಅವ್ರು ನಿಮ್ಮ ಯಾವ ಕಡೆ ಕೂತ್ಕೋತಾರೆ?"

ನನಗೆ ಅರ್ಥವಾಯಿತು. ದೊಡ್ಡಪ್ಪನಿಗೆ ಬಲಗಿವಿ ಮಂದವಾಗಿ ವರ್ಷಗಳೇ ಆಗಿವೆ. ಮಷೀನ್ ಹಾಕಿಕೊಳ್ಳಿ ಎಂದು ಯಾರೆಷ್ಟು ಹೇಳಿದರೂ, ಹೆಬ್ಬಾಳದ ಟ್ರಾಫಿಕ್ ಅರ್ಧ ಕೇಳಿಸಿದರೆ ಸಾಕು ಎಂದು ನಗುತ್ತಿದ್ದರು. ವರಾಂಡದ ಬೆಂಚಿನಲ್ಲಿ, ಮದುವೆಮನೆಯಲ್ಲಿ, ಬಸ್ಸಿನಲ್ಲಿ ದೊಡ್ಡಮ್ಮ ಯಾವಾಗಲೂ ಅವರ ಎಡಕ್ಕೆ ಕೂತು, ಆ ಒಳ್ಳೆಯ ಕಿವಿಯ ಕಡೆಗೆ ಬಾಗಿ ಮಾತಾಡುತ್ತಿದ್ದರು. ನಾಲ್ಕು ಜನರೆದುರು ಗಂಡನಿಗೆ ಕೂಗಿ ಹೇಳುವುದು ಅವರಿಗೆ ಇಷ್ಟವಿರಲಿಲ್ಲ.

ಹಿಂದಿರುಗುವಾಗ ನನ್ನ ಕೈ ಹಿಡಿದು ಹೇಳಿದರು: "ಅವ್ರಿಗೆ ಹೇಳ್ಬೇಡ. ಮನಸ್ಸಿಗೆ ಹಚ್ಕೋತಾರೆ."

ನಾನು ಹೇಳಲಿಲ್ಲ. ಆದರೆ ದೊಡ್ಡಮ್ಮ ವ್ಯಾಯಾಮ ಶುರುಮಾಡಿದರು, ಬಾಗುವುದನ್ನು ಬಿಟ್ಟರು, ಕೂಗಲು ಮನಸ್ಸಿಲ್ಲದೆ ಮಾತನ್ನೂ ಕಡಿಮೆ ಮಾಡಿದರು. ಆ ವರಾಂಡ ಅಷ್ಟು ಸುಮ್ಮನಿದ್ದದ್ದನ್ನು ನಾನೆಂದೂ ನೋಡಿರಲಿಲ್ಲ. ಒಂದು ಭಾನುವಾರ ದೊಡ್ಡಪ್ಪ ನನ್ನನ್ನು ಗೇಟಿನ ಬಳಿಗೆ ಕರೆದು ಮೆಲ್ಲಗೆ ಕೇಳಿದರು:

"ಪುಟ್ಟೀ, ನಿಮ್ ದೊಡ್ಡಮ್ಮಂಗೆ ನನ್ ಮೇಲೆ ಏನಾದ್ರೂ ಕೋಪಾನಾ?"

ಅವರ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ. ಎಲ್ಲ ಕೇಳಿಸಿಕೊಂಡು, ಗೇಟಿನ ಚಿಲಕವನ್ನು ಸುಮ್ಮನೆ ತೆಗೆಯುತ್ತ ಹಾಕುತ್ತ ನಿಂತರು. ಆಮೇಲೆ, ಆ ಮಷೀನು ಎಲ್ಲಿ ಸಿಗುತ್ತದೆ ಎಂದು ಕೇಳಿದರು.

ಮಷೀನ್ ಬಂದ ಸಂಜೆ ನಾನೂ ಅಲ್ಲಿದ್ದೆ. ದೊಡ್ಡಪ್ಪ ಬೆಂಚಿನ ಈ ತುದಿಯಿಂದ ಆ ತುದಿಗೆ ಸರಿದು, ತಮ್ಮ ಬಲಗಡೆ ಜಾಗ ಮಾಡಿ ಹೆಂಡತಿಯನ್ನು ಕರೆದರು. ಅವರು ಅನುಮಾನದಿಂದಲೇ ಬಂದು, ಹೊಸ ಜಾಗದಲ್ಲಿ ನೆಟ್ಟಗೆ ಕುಳಿತರು. ಅಡುಗೆಮನೆಯಲ್ಲಿ ನಾನು ಚಮಚ ಬೀಳಿಸಿದ್ದು ಕೂಡ ದೊಡ್ಡಪ್ಪನಿಗೆ ಕೇಳಿಸಿತು. ಏನು ಬಿತ್ತು ಎಂದು ಅಲ್ಲಿಂದಲೇ ವಿಚಾರಿಸಿದರು. ನಾನು ಕಾಫಿ ತಂದಿಟ್ಟೆ. ದೊಡ್ಡಮ್ಮ ಬಾಗದೆ, ಎಂದಿನ ಮೆಲುದನಿಯಲ್ಲಿ, ಬಿಸಿ ಇದೆ ನೋಡಿಕೊಂಡು ಕುಡಿಯಿರಿ ಎಂದರು.

"ಕೇಳಿಸ್ಲಿಲ್ಲ ಕಣೇ," ಎಂದರು ದೊಡ್ಡಪ್ಪ.

ದೊಡ್ಡಮ್ಮ ಆ ಕಿವಿಯ ಮಷೀನನ್ನು ನೋಡಿದರು, ನನ್ನನ್ನು ನೋಡಿದರು.

"ಇಷ್ಟು ವರ್ಷ ಆ ಕಡೆ ಬಾಗಿದ್ದೀಯ. ಸಮ ಆಗ್ಬೇಕಲ್ಲ, ಸ್ವಲ್ಪ ದಿನ ಈ ಕಡೆ ಬಾಗು," ಎಂದು ಸೇರಿಸಿದರು ದೊಡ್ಡಪ್ಪ.

ದೊಡ್ಡಮ್ಮ ಸೆರಗು ಸರಿಮಾಡಿಕೊಂಡು, ನಿಧಾನವಾಗಿ ಎಡಕ್ಕೆ ವಾಲಿ, ಅವರ ಕಿವಿಯಲ್ಲಿ ಮತ್ತೆ ಹೇಳಿದರು.