ಅಣಬೆ ಮಾವನ ಬೆಳ್ಳಿ ಚಮಚ

ಮಳೆಗಾಲದಲ್ಲಿ ನನ್ನ ಸೋದರಮಾವನ ಜತೆ ಯಾರೂ ದಾರಿ ನಡೆಯಬಾರದು. ಮಾತು ಅರ್ಧದಲ್ಲಿರುವಾಗಲೇ ಮನುಷ್ಯ ಮಾಯ! ಮೊದಲ ಗುಡುಗಿಗೆ ನಾವೆಲ್ಲ ಟಿವಿಯ ವಯರು ಕಿತ್ತರೆ, ಪಣಂಬೂರಿನ ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದ ಈ ಮಹಾನುಭಾವರು ಪ್ಲಾಸ್ಟಿಕ್ ಚೀಲ ಹುಡುಕುತ್ತಾರೆ. ಅಣಬೆ ಏಳುತ್ತದಲ್ಲ!

ಒಮ್ಮೆ ಅತ್ತೆಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಜೆಪ್ಪುವಿನ ನಮ್ಮ ಮನೆಗೆ ಹೊರಟಿದ್ದರು. ದಾರಿಯ ಖಾಲಿ ಸೈಟಿನಲ್ಲಿ, ಹುತ್ತದ ಬುಡದಲ್ಲಿ, ಏನೋ ಬೆಳ್ಳಗೆ ಕಂಡಿತು. ಸ್ಕೂಟರ್ ನಿಂತಿತು, ಅತ್ತೆ ಇಳಿದರು, ಮಾವ ಕಂಪೌಂಡ್ ಹಾರಿದರು. ಚೀಲ ತುಂಬಿದ ಸಂಭ್ರಮದಲ್ಲಿ ನೇರ ನಮ್ಮ ಅಂಗಳಕ್ಕೇ ಬಂದರು.

"ಅತ್ತೆ ಎಲ್ಲಿ?" ಎಂದೆ.

ಮಾವ ತಿರುಗಿ ಹಿಂದಿನ ಸೀಟು ನೋಡಿದರು. "ಸ್ಕೂಟರ್ ಎಂತ ಇಷ್ಟು ಹಗುರ ಅಂತ ನಾನೂ ಆಗಿನಿಂದ ಆಲೋಚನೆ ಮಾಡ್ತಾ ಇದ್ದೆ ಮಾರಾಯ್ತಿ!"

ವಿಷದ ಅಣಬೆಯೂ ತಿನ್ನುವ ಅಣಬೆಯೂ ಅವಳಿ ಮಕ್ಕಳಂತಿರುತ್ತವೆ ಎಂದರೆ ಮಾವನಿಗೆ ನಗು. ಅವರ ಪ್ರಯೋಗಾಲಯವೆಲ್ಲ ಒಂದು ಬೆಳ್ಳಿ ಚಮಚ. ಬೇಯುವ ಅಣಬೆಯಲ್ಲಿ ಅದನ್ನು ಮುಳುಗಿಸುವುದು; ಕಪ್ಪಾಗದಿದ್ದರೆ ಪಾಸ್! ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಪಕ್ಕದ ಮನೆಯ ಮೇಡಂ ಒಮ್ಮೆ, "ಬೆಳ್ಳಿಗೆ ಆ ವಿಷ ಗೊತ್ತೇ ಆಗುವುದಿಲ್ಲ ಸರ್, ಬೇಯಿಸಿದ್ರೂ ಅದು ಹೋಗುವುದಿಲ್ಲ" ಎಂದರು.

"ಇದು ನನ್ನ ಹೆಂಡತಿಯ ತವರಿನ ಬೆಳ್ಳಿ ಮೇಡಂ. ಸುಳ್ಳು ಹೇಳಿದ್ರೆ ಅವಳ ಅಪ್ಪನ ಮರ್ಯಾದೆ ಹೋಗ್ತದೆ!"

ಕಳೆದ ಮಳೆಗಾಲದ ಒಂದು ಸೋಮವಾರ ಶಕ್ತಿನಗರದ ತಮ್ಮ ಮನೆಯ ಹಿಂದಿನ ಗುಡ್ಡೆಯಿಂದ ಬಿಳಿ ಅಣಬೆ ತಂದರು. ಚಮಚ ಫಳಫಳ ಹೊಳೆಯಿತು. ತೆಂಗಿನಕಾಯಿ ಹಾಕಿ ರಾತ್ರಿಯೂಟಕ್ಕೆ ಸುಕ್ಕ ಮಾಡಿದರು. ಸೋಮವಾರ ಅತ್ತೆ ಮೀನು ಮುಟ್ಟುವುದಿಲ್ಲ. ಅಣಬೆಯೂ ಅವರಿಗೆ ಮೀನಿನ ಲೆಕ್ಕವೇ. "ಒಂದು ತುಂಡು ತಿಂದ್ರೆ ದೇವರು ಎಂತ ಮಾಡ್ತಾನೆ?" ಎಂದು ಮಾವ ಎಷ್ಟು ಒತ್ತಾಯಿಸಿದರೂ ಅತ್ತೆ ಬಾಯಿಗಿಡಲಿಲ್ಲ. ಮಾವನೊಬ್ಬರೇ ಪಾತ್ರೆ ಖಾಲಿ ಮಾಡಿದರು.

ಬೆಳಗಾಗುವಾಗ ವಾಂತಿ, ಭೇದಿ. ಅತ್ತೆ ಉಳಿದಿದ್ದ ಹಸಿ ಅಣಬೆಯನ್ನು ಡಬ್ಬಿಗೆ ಹಾಕಿಕೊಂಡೇ ಮಾವನನ್ನು ಆಸ್ಪತ್ರೆಗೆ ಕರೆದೊಯ್ದರು. ಡಬ್ಬಿ ನೋಡಿದ ಡಾಕ್ಟರು ತಕ್ಷಣ ಡ್ರಿಪ್ ಹಾಕಿಸಿದರು.

ಮರುದಿನ ಹೊಟ್ಟೆ ಸುಮ್ಮನಾಯಿತು. ಮಾವ ಎದ್ದು ಕೂತರು. "ನಂಗೆ ಎಂತದೂ ಇಲ್ಲ, ಡಿಸ್ಚಾರ್ಜ್ ಕೊಡಿ!"

"ಈ ವಿಷದ ಆಟವೇ ಇದು," ಎಂದರು ಡಾಕ್ಟರು. "ಗುಣ ಆದ ಹಾಗೆ ಕಾಣ್ತದೆ, ಒಳಗೆ ಲಿವರ್ ಹಾಳಾಗ್ತಾ ಇರ್ತದೆ."

ಹಾಗೆಯೇ ಆಯಿತು. ಮಾವನ ಕಣ್ಣು ಹಳದಿಗೆ ತಿರುಗಿತು, ಅವರನ್ನು ಐಸಿಯುಗೆ ಸಾಗಿಸಿದರು. ಹೊರಗಿನ ಬೆಂಚಿನಲ್ಲಿ ಕೂತ ನಮಗೆ ಯಾರಿಗೂ ತಮಾಷೆ ಹೊಳೆಯಲಿಲ್ಲ. ಅಂತೂ ದೇಹ ಮೆಲ್ಲ ಮೆಲ್ಲ ಚೇತರಿಸಿಕೊಂಡಿತು, ಮಾವ ವಾರ್ಡಿಗೆ ಬಂದರು.

ನೋಡಲು ಹೋದಾಗ ನಾನು, "ಎಂತ ಮಾವ, ಚಮಚ ಮೋಸ ಮಾಡಿತಾ?" ಎಂದು ಕೀಟಲೆ ಮಾಡಿದೆ. ಮಾವ ನಗಲಿಲ್ಲ.

"ಸೋಮವಾರ ಅಲ್ಲದಿದ್ರೆ ಅವಳೂ ತಿಂತಿದ್ಲು," ಎಂದರು. "ನಾನೇ ಬಡಿಸ್ತಿದ್ದೆ ಮಾರಾಯ್ತಿ. ನನ್ನ ಕೈಯಾರೆ."

ಅಷ್ಟರಲ್ಲಿ ಅತ್ತೆ ಗಂಜಿ ತಂದು ಒಂದು ಚಮಚ ಮಾವನ ಬಾಯಿಗಿಟ್ಟರು. ಮಾವ ನುಂಗಿದರು, ಆಮೇಲೆ ಸಣ್ಣ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತರು.

ಅತ್ತೆ ಗಾಬರಿಯಾದರು. "ಅಳುವುದೆಂತಕ್ಕೆ? ಉಪ್ಪು ಕಮ್ಮಿ ಆಯ್ತಾ?"

ಮಾವ ಹೌದೆಂದು ತಲೆಯಾಡಿಸಿದರು. ಉಪ್ಪು ತರಲು ಎದ್ದ ಅತ್ತೆಯ ಕೈಯನ್ನು ಮಾತ್ರ ಬಿಡಲಿಲ್ಲ.