ಬಹರೈನಿನಲ್ಲಿ ನಾನು ಕಂಡುಹಿಡಿದ ಜ್ವಾಲಾಮುಖಿ

ಮಕ್ಕಳಿಗೆ ಊಟ ಮಾಡಿಸುವುದು ಬಹಳ ಸುಲಭದ ಕೆಲಸ ಎಂದು ನಾನು ನಂಬಿದ್ದ ಕಾಲ. ಸಂಸಾರವನ್ನು ಮಂಗಳೂರಿನಿಂದ ಬಹರೈನಿಗೆ ಕರೆತಂದ ಹೊಸತು. ಸಂಜೆ ತಾರಸಿಯಲ್ಲಿ ನಿಂತರೆ ದಕ್ಷಿಣದ ಆಕಾಶ ಕೆಂಪಗೆ ಕಾಣುತ್ತಿತ್ತು. ಅದು ಎಣ್ಣೆ ಬಾವಿಗಳ ಕಡೆ ಗ್ಯಾಸ್ ಉರಿಸುವ ಬೆಂಕಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಏಳು ವರ್ಷದ ಸ್ಮಿತಾ, ನಾಲ್ಕು ವರ್ಷದ ರೋಶನ್ ಬಾಯಿ ತೆರೆಯಲಿ ಎಂದು, ಅದು ಜ್ವಾಲಾಮುಖಿ, ಊಟ ಮುಗಿಸಿದವರನ್ನು ಮಾತ್ರ ಈದ್ ರಜೆಯಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದುಬಿಟ್ಟೆ. ತಟ್ಟೆಗಳು ಖಾಲಿಯಾದವು. ಹೆಂಡತಿ ಲೀನಾಳತ್ತ ವಿಜಯದ ನಗೆ ಬೀರಿದೆ.

ಸ್ಮಿತಾ ಈ ಸುದ್ದಿಯನ್ನು ಶಾಲೆಯಲ್ಲಿ ಹಂಚಿದಳು. ಈದ್ ರಜೆ ಮುಗಿದ ಮೇಲೆ ಕಂಡದ್ದನ್ನು ಇಡೀ ಕ್ಲಾಸಿಗೆ ಹೇಳಬೇಕು ಎಂದು ಟೀಚರ್ ಅಪ್ಪಣೆ ಮಾಡಿದರಂತೆ. ನನಗೆ ಊಟ ಸೇರದಾಯಿತು.

"ನಿಜ ಹೇಳಿ ಬಿಡಿ ಮಾರಾಯ್ರೆ," ಎಂದಳು ಲೀನಾ.

ಮಕ್ಕಳ ಮುಂದೆ ತಂದೆಯ ಮಾತು ಸುಳ್ಳಾಗಕೂಡದು ಎಂದು ಘೋಷಿಸಿದೆ. ದೂರದಿಂದ ಬೆಂಕಿ ತೋರಿಸಿ ಕಾರು ತಿರುಗಿಸಿದರಾಯಿತು, ಅಷ್ಟೇ ತಾನೆ!

ರಜೆಯ ದಿನ ಊಟಕ್ಕೆ ಕೋರಿ ರೊಟ್ಟಿ, ಒಂದು ಕ್ಯಾನ್ ನೀರು ಕಟ್ಟಿಕೊಂಡು ನಮ್ಮ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಹೊರಟೆವು. ನಂಬಿಕೆ ಬರಲೆಂದು, ಬಿಸಿ ಬೂದಿ ಬೀಳಬಹುದು ಎಂದು ಹೇಳಿ ಮಕ್ಕಳ ತಲೆಗೆ ಒದ್ದೆ ಟವೆಲ್ ಹೊದಿಸಿದೆ. ಆ ಸೆಕೆಗೆ ಟವೆಲ್ ನೋಡುನೋಡುತ್ತಲೇ ಒಣಗುತ್ತಿತ್ತು. ನಾನು ಮತ್ತೆ ಮತ್ತೆ ಕಾರು ನಿಲ್ಲಿಸಿ ಕ್ಯಾನಿನಿಂದ ನೀರು ಸುರಿಯುತ್ತಲೇ ಇದ್ದೆ. ಕುಡಿಯಲಿಕ್ಕೆ ಬೇಡವಾ ಎಂದು ಲೀನಾ ಕೇಳಿದಾಗ, ಸುರಕ್ಷತೆ ಮೊದಲು ಎಂದೆ.

ದೂರದಿಂದ ತೋರಿಸಿ ತಿರುಗಿಸುವ ನನ್ನ ಯೋಜನೆಗೆ ಮಕ್ಕಳು ಒಪ್ಪಲಿಲ್ಲ. ಇನ್ನೂ ಹತ್ತಿರ, ಇನ್ನೂ ಹತ್ತಿರ ಎಂದು ಹಟ ಹಿಡಿದರು. ಕೊನೆಗೆ ತಂತಿಬೇಲಿಯ ಎದುರೇ ಹೋಗಿ ನಿಂತೆವು. ಒಳಗೆ ಉದ್ದನೆಯ ಕಬ್ಬಿಣದ ಕೊಳವೆ, ಅದಕ್ಕೆ ತಾಗಿ ಒಂದು ಏಣಿ, ತುದಿಯಲ್ಲಿ ಬೆಂಕಿ.

ಸ್ಮಿತಾ ಬಹಳ ಹೊತ್ತು ನೋಡಿದಳು. "ಪಪ್ಪಾ, ವಾಲ್ಕೆನೋಗೆ ಲ್ಯಾಡರ್ ಯಾಕೆ?"

ಆಗಲಾದರೂ ಬಾಯಿ ಮುಚ್ಚಿಕೊಂಡಿದ್ದರೆ ಬಚಾವಾಗುತ್ತಿದ್ದೆ. "ರಿಪೇರಿಗೆ," ಎಂದೆ!

ಲೀನಾ ಮುಖ ತಿರುಗಿಸಿ ಮರುಭೂಮಿ ನೋಡತೊಡಗಿದಳು. ಅವಳ ಭುಜ ಕುಲುಕುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಇನ್ನೊಂದು ಪ್ರಶ್ನೆ ಹುಟ್ಟುವ ಮೊದಲೇ ಕಾರನ್ನು ರಭಸದಿಂದ ಓಡಿಸಿದೆ. ಸ್ವಲ್ಪ ದೂರದಲ್ಲೇ ಬಾನೆಟ್ಟಿನಿಂದ ಹೊಗೆಯೆದ್ದಿತು. ರೇಡಿಯೇಟರ್ ಕುದಿಯುತ್ತಿತ್ತು. ಕ್ಯಾನ್ ಖಾಲಿ. ಟವೆಲ್ ಹಿಂಡಿದರೆ ಹನಿಯೂ ಇಲ್ಲ. ತಣಿಯಲಿ ಎಂದು ಲೀನಾ ಹೇಳುತ್ತಿದ್ದಂತೆ, ಗಂಡಸಿನ ಗತ್ತಿನಲ್ಲಿ ಮುಚ್ಚಳ ತಿರುಗಿಸಿದೆ. ಬಿಸಿನೀರು ನನ್ನ ತಲೆಯೆತ್ತರಕ್ಕೆ ಚಿಮ್ಮಿತು. ಹಿಂದಕ್ಕೆ ಹಾರಿ ನೇರವಾಗಿ, ಲೀನಾ ಕೆಳಗಿಳಿಸಿಟ್ಟಿದ್ದ ಕೋರಿ ರೊಟ್ಟಿಯ ಡಬ್ಬಿಯ ಮೇಲೆ ಕುಳಿತೆ. ರೋಶನ್ ಮಾತ್ರ ಚಪ್ಪಾಳೆ ತಟ್ಟಿ ಕುಣಿದ. ಕೊನೆಗೆ ಒಬ್ಬ ಪಿಕಪ್ಪಿನವ ನಮ್ಮನ್ನು ಟುಬ್ಲಿ ಎಂಬ ಊರಿನ ಗ್ಯಾರೇಜಿಗೆ ಎಳೆದು ಮುಟ್ಟಿಸಿದ.

ರಜೆ ಮುಗಿದ ಮೇಲೆ ಸ್ಮಿತಾ ಕ್ಲಾಸಿನಲ್ಲಿ ನಡೆದದ್ದನ್ನೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿದಳಂತೆ. ಟೀಚರ್ ನಕ್ಕದ್ದಕ್ಕೆ ಮನೆಗೆ ಬಂದು ಅತ್ತಳು. ಅವಳ ಅಳು ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಅವತ್ತಿನಿಂದ ನಾನು ಏನು ಹೇಳಿದರೂ ಮಕ್ಕಳಿಬ್ಬರೂ ಮೊದಲು ತಾಯಿಯ ಮುಖ ನೋಡುತ್ತಾರೆ.

ಮೊನ್ನೆ ರೋಶನ್ ನನ್ನ ವಯಸ್ಸು ಕೇಳಿದ. ಮೂವತ್ತಾರು ಎಂದೆ. ಅವನು ಲೀನಾಳ ಕಡೆ ತಿರುಗಿದ.

ಅವಳು ಸ್ವಲ್ಪ ಯೋಚಿಸಿ, "ಇರಬಹುದು," ಎಂದಳು.